ಹಿರಿಯರ ಕ್ವಾಯರ್, ಮಾಸ್ತರ ಚಾ

ನಡುಗುವ ದನಿಯನ್ನೂ ಸ್ತೋತ್ರವೆಂದು ಒಪ್ಪಿಕೊಳ್ಳುವ ಕರುಣಾಳು ದೇವರಿಗೆ ಮೊದಲು ನನ್ನ ವಂದನೆ.

ಬೀದರಿನ ನಮ್ಮ ಚರ್ಚಿನ ಸಭೆಯಲ್ಲಿ ಅರವತ್ತು ದಾಟಿದವರದೇ ಒಂದು ಕ್ವಾಯರ್, ಅಂದರೆ ಹಾಡುವ ತಂಡ, ಇದೆ. ಶನಿವಾರಕ್ಕೊಮ್ಮೆ ಅಭ್ಯಾಸ. ನಾನು ನಿವೃತ್ತ ನರ್ಸ್. ಅಲ್ಲಿ ಹಾರ್ಮೋನಿಯಂ ಬಾರಿಸುತ್ತೇನೆ. ನಮ್ಮ ಕಡೆ ಅದಕ್ಕೆ ಪೇಟಿ ಅನ್ನುತ್ತಾರೆ. ಇಪ್ಪತ್ತು ಮಂದಿ ಹಿರಿಯರು ಸೇರಿ, ಏನೂ ಆಗದೆ ಹೋದ ಶನಿವಾರ ನನಗೆ ನೆನಪಿಲ್ಲ.

೧. ಬಿಪಿ

ಹಾಡಿದರೆ ಉಸಿರಿಗೂ ಮನಸ್ಸಿಗೂ ಒಳ್ಳೆಯದೆಂದು ಡಾಕ್ಟರೊಬ್ಬರು ಹೇಳಿದ ಮೇಲೆ ಇದು ಶುರುವಾದದ್ದು. ಮೊದಲ ದಿನ ನಾನು ಪೇಟಿ ತೆಗೆಯುವಷ್ಟರಲ್ಲಿ ಎಲ್ಲರೂ ತೋಳು ಮೇಲೆ ಸರಿಸಿ ಸಾಲಾಗಿ ಕೂತಿದ್ದರು. "ಸಿಸ್ಟರ್, ಮೊದಲು ನಂದು ನೋಡ್ರಿ!" ಕರೆದದ್ದು ಹಾಡಲಿಕ್ಕೆ ಅಂದರೆ ಯಾರೂ ನಂಬಲಿಲ್ಲ. ಕೊನೆಗೆ ಒಪ್ಪಂದವಾಯಿತು: ಮೊದಲು ಹಾಡು, ಆಮೇಲೆ ಬಿಪಿ.

ತಿಂಗಳೊಳಗೆ ಒಬ್ಬ ಅಜ್ಜಿಯ ಬಿಪಿ ಇಳಿಯಿತು. ದೇವರಿಗೆ ಸ್ತೋತ್ರ ಹೇಳಿದೆವು. ಮರುದಿನ ಆಕೆಯ ಸೊಸೆ ನನ್ನ ಮನೆಗೇ ಬಂದಳು.

"ಸಿಸ್ಟರ್, ವಾರಕ್ಕ ಒಂದೇ ದಿನ ಯಾಕ್ರಿ? ದಿನಾ ಇಡ್ರಿ. ಅತ್ತಿ ಹಾಡ್ಲಾಕ ಹೋದ್ರ ಮನ್ಯಾಗ ನಂದೂ ಇಳೀತದ."

೨. ಬೈಗುಳಕ್ಕಾಗಿ ಪ್ರಾರ್ಥನೆ

ನಮ್ಮಲ್ಲೊಬ್ಬರು ಸಾಲಿ ಮಾಸ್ತರು. ಲಕ್ವಾ ಹೊಡೆದು ಮಾತು ನಿಂತು ಒಂದು ವರ್ಷವಾಗಿತ್ತು. ಹಾಡಿಸಿದರೆ ಬಂದರೂ ಬಂದೀತೆಂದು ಡಾಕ್ಟರ್ ಹೇಳಿದ್ದರಿಂದ ಹೆಂಡತಿ ಕೈಹಿಡಿದು ಕರೆತಂದರು. ಆಶ್ಚರ್ಯವೆಂದರೆ ಹಳೆಯ ಹಾಡುಗಳ ಸಾಲು ಸಾಲೇ ಅವರ ಬಾಯಿಂದ ಬಂದವು. ಹಾಡು ನಿಂತರೆ ಮತ್ತೆ ಮೌನ.

"ಮೊದಲೆಲ್ಲಾ ದಿನಕ್ಕ ನಾಕು ಸಲ ಬೈತಿದ್ರು, ಸಿಸ್ಟರ್," ಅಂದರು ಆ ತಾಯಿ. "ಈಗ ಮನಿ ಸುಮ್ನಾಗ್ಯಾದ. ದೇವರ ಹತ್ರ ಹೆಚ್ಚೇನು ಕೇಳಂಗಿಲ್ರಿ. ಒಂದು ಬೈಗುಳ ಕೊಟ್ರ ಸಾಕು."

ನಾವಿಬ್ಬರೂ ಮೊಣಕಾಲೂರಿದೆವು. ನನ್ನ ಆಯುಷ್ಯದಲ್ಲಿ ಅಷ್ಟು ಭಕ್ತಿಯಿಂದ ಬೈಗುಳ ಬೇಡಿದ್ದು ಅದೇ ಮೊದಲು.

೩. ಭಾಲ್ಕಿಯ ಸ್ಟಾಪ್

ಪುಸ್ತಕ ಹಿಡಿದರೂ ಅರ್ಧ ಜನಕ್ಕೆ ಅಕ್ಷರ ಕಾಣುವುದಿಲ್ಲ. ಅದಕ್ಕೇ ಒಬ್ಬರು ಒಂದು ಸಾಲು ಹಾಡುವುದು, ಉಳಿದವರು ಹಿಂದೆ ಹಾಡುವುದು. "ಬಂದ ಸಾಲಿನ ವಿಚಾರ ಮಾಡಬ್ಯಾಡ್ರಿ, ಹಾಡಿಬಿಡ್ರಿ" ಎಂದು ಕಲಿಸಿದವಳು ನಾನೇ. ಶುರು ಮಾಡಿಸುವವರು ನಿವೃತ್ತ ಬಸ್ ಕಂಡಕ್ಟರು. "ರೈಟ್!" ಅಂದರೆ ಹಾಡು ಹೊರಡುತ್ತದೆ, "ಹೋಲ್ಡಾನ್!" ಅಂದರೆ ನಿಲ್ಲುತ್ತದೆ.

ಒಮ್ಮೆ ಭಾಲ್ಕಿಯ ಸಭೆಗೆ ಹಾಡಲು ಹೋದಾಗ ಕಂಡಕ್ಟರು ರೈಟ್ ಅಂದವರೇ ಕೂತಲ್ಲೇ ನಿದ್ದೆಹೋದರು. ನಿಲ್ಲಿಸುವವರಿಲ್ಲ, ಕೊನೆಯ ಸಾಲನ್ನು ಹತ್ತು ಸಲ ಹಾಡಿದೆವು. ಸಭೆಗೆ ಸಭೆಯೇ ಎದ್ದು ಕೈ ಮೇಲೆತ್ತಿತು. ಅಲ್ಲಿನ ಪಾಸ್ಟರು ಕಣ್ಣೊರೆಸಿಕೊಂಡು, "ಇಂಥ ಆತ್ಮದ ಬಲ ನಾ ನೋಡೇ ಇಲ್ರಿ!" ಎಂದು ಕೂಗಿದರು.

ಆ ಕೂಗಿಗೆ ಕಂಡಕ್ಟರಿಗೆ ಎಚ್ಚರವಾಯಿತು. "ಯಾವ ಸ್ಟಾಪ್ ಬಂತ್ರಿ?"

೪. ಔರಾದದ ಚಾ

ಮೊನ್ನೆ ಔರಾದಕ್ಕೆ ಹೋಗಿದ್ದೆವು. ಆರಾಧನೆ ಮುಗಿದು ಚಾ ಹಂಚುವಾಗ, "ಇನ್ನೊಂದು ಹಾಡ್ರಿ" ಅಂದರು. ಕಂಡಕ್ಟರು ರೈಟ್ ಅಂದರು. ಮೊದಲ ಚರಣ ಆಯಿತು. ಮುಂದಿನ ಸಾಲು ಹೇಳಬೇಕಾದ ಅಜ್ಜಿಗೆ ಕೆಮ್ಮು ಹತ್ತಿತು. ನಾನು ಪೇಟಿಯಲ್ಲಿ ಅದೇ ರಾಗ ತಿರುಗಿಸುತ್ತಿದ್ದೆ. ಮಾಸ್ತರು ಹೆಂಡತಿ ಕೊಟ್ಟ ಚಾ ಒಂದು ಗುಟುಕು ಕುಡಿದು ಮುಖ ಕಿವುಚಿದರು. ಆಮೇಲೆ, ರಾಗ ಒಂದಿಷ್ಟೂ ತಪ್ಪದೆ, ಅವರ ದನಿ ಬಂತು:

"ಚಾದಾಗ ಸಕ್ಕರೀ ಇಲ್ಲಾ..."

ಇಪ್ಪತ್ತು ಮಂದಿ ಕಣ್ಣುಮುಚ್ಚಿ ಹಾಡಿದರು: "ಚಾದಾಗ ಸಕ್ಕರೀ ಇಲ್ಲಾ..."

ಮಾಸ್ತರ ಹೆಂಡತಿ ತಟ್ಟನೆ ಎದ್ದರು. ಗಂಡನಿಗೆ ಶುಗರ್. ಅವರೂ ಅದೇ ರಾಗ ಹಿಡಿದರು: "ಡಾಕ್ಟರು ಬ್ಯಾಡಂದಾರಾ..."

ಕ್ವಾಯರ್ ಅದನ್ನೂ ಹಾಡಿತು.

ಮಾಸ್ತರು ಕಪ್ಪು ಕೆಳಗಿಟ್ಟು ದನಿ ಏರಿಸಿದರು: "ನಿನಗೇನು ತಿಳೀತದಾ, ಸುಮ್ನ ಕೂಡೂ..."

ಇಪ್ಪತ್ತು ಮಂದಿ ಒಟ್ಟಾಗಿ ಆಕೆಗೆ ಸುಮ್ಮನೆ ಕೂಡಲು ಹೇಳಿದರು. ಔರಾದದವರು "ಆಮೆನ್" ಅಂದರು.

ಆಗಷ್ಟೇ ನನಗೆ ಹೊಳೆಯಿತು. ಪೇಟಿಯ ಮೇಲೆ ಕೈ ನಿಂತಿತು. ಕಂಡಕ್ಟರೂ ಏನೋ ಎಡವಟ್ಟಾಗಿದೆ ಅಂದುಕೊಂಡು ಹಾಡು ನಿಲ್ಲಿಸಲು ಬಾಯಿ ತೆರೆದರು. ಆ ತಾಯಿ ಕಣ್ಣೀರು ಸುರಿಸುತ್ತಲೇ ನಗುತ್ತ ಕೈ ಅಡ್ಡ ಹಿಡಿದರು:

"ಹೋಲ್ಡಾನ್ ಅನ್ನಬ್ಯಾಡ್ರಿ ಅಣ್ಣಾ! ರೈಟ್ ಅನ್ರಿ, ರೈಟ್! ವರ್ಷದ ಬೈಗುಳ ಇನ್ನಾ ಉಳದಾವ!"

ಇಷ್ಟು ಹೊತ್ತು ಕೇಳಿದ ನಿಮ್ಮೆಲ್ಲರ ಮನೆಯಲ್ಲಿಯೂ ಬೈಯುವ ದನಿಯನ್ನು, ಅದಕ್ಕೆ ಎದುರುತ್ತರ ಕೊಡುವ ದನಿಯನ್ನು ದೇವರು ಬಹುಕಾಲ ಕಾಪಾಡಲಿ. ಆಮೆನ್.