ಬೋಲ್ಟಿನ ತಲೆ, ಅಳಿಯನ ತಲೆ

ಗಂಡಸು ಅಂದಮೇಲೆ ಕಾರಿನ ಚಕ್ರ ಬಿಚ್ಚಲು ಬರಬೇಕು ಎಂದು ನಾನು ಘೋಷಿಸಿದ್ದು ಭಾನುವಾರ ಮಧ್ಯಾಹ್ನ ಎರಡು ಗಂಟೆಗೆ. ಎರಡೂವರೆಗೆ ಆ ಘೋಷಣೆಯನ್ನು ವಾಪಸು ತೆಗೆದುಕೊಳ್ಳಲು ಸಿದ್ಧನಿದ್ದೆ.

ಕಾರು ನನ್ನದಲ್ಲ, ಮಾವನವರದ್ದು. ಮೂವತ್ತು ವರ್ಷ ಊರಿಗೆಲ್ಲ ಡ್ರೈವಿಂಗ್ ಕಲಿಸಿದವರು. ಈಗಲೂ ನನ್ನ ಮಾತು ಸ್ವಲ್ಪ ಜೋರಾದರೆ ಸೋಫಾದಲ್ಲಿ ಕುಳಿತೇ ಬಲಗಾಲಿನಲ್ಲಿ ಬ್ರೇಕ್ ಒತ್ತುತ್ತಾರೆ. ಮದುವೆಯಾಗಿ ಎಂಟು ವರ್ಷದ ಮೇಲೆ ಮೊದಲ ಸಲ ನನ್ನನ್ನು ನಂಬಿ ಕೀ ಕೊಟ್ಟು, ಎರಡು ದಿನ ಪರವೂರಿಗೆ ಹೋಗಿದ್ದರು. ನಾಲ್ಕಕ್ಕೆ ಬರುವವರಿದ್ದರು. ಮುಂದಿನ ಎಡಚಕ್ರ ಗಾಳಿ ಹೋಗಿ ಕೂತಿತ್ತು.

"ರೀ, ಪಂಕ್ಚರ್ ಅಂಗಡಿಯವ್ರನ್ನ ಕರೀರಿ," ಎಂದಳು ಹೆಂಡತಿ.

"ನಾಲ್ಕು ಬೋಲ್ಟು ಬಿಚ್ಚೋಕೆ ಇನ್ನೊಬ್ರು ಬೇಕಾ?"

"ಹೋದ ತಿಂಗಳು ನಲ್ಲಿ ಬಿಚ್ಚಿದ್ರಿ. ಕೆಳಗಿನ ಮನೆಯವ್ರು ಇನ್ನೂ ನಮ್ಮ ಹತ್ರ ಮಾತಾಡ್ತಿಲ್ಲ."

ನಾನು ಕಿವಿಗೆ ಹಾಕಿಕೊಳ್ಳಲಿಲ್ಲ. ಬೋಲ್ಟಿನ ತಲೆಯ ಮೇಲೆ ಇಂಗ್ಲಿಷಿನ 'ಎಲ್' ಅಕ್ಷರವಿತ್ತು. ಎಲ್ ಅಂದರೆ ಲೆಫ್ಟು, ಅಂದರೆ ಎಡಕ್ಕೆ ತಿರುಗಿಸು. ಕಾರು ಮಾಡಿದವರು ಎಷ್ಟು ಒಳ್ಳೆಯ ಜನ! ಎಡಕ್ಕೆ ತಿರುಗಿಸಿದೆ. ಜಪ್ಪಯ್ಯ ಅನ್ನಲಿಲ್ಲ. ಸ್ಪ್ಯಾನರಿಗೆ ನೀರಿನ ಪೈಪು ಸಿಕ್ಕಿಸಿ ಅದರ ಮೇಲೆ ಹತ್ತಿ ನಿಂತೆ. 'ಟಕ್' ಎಂದಿತು. ನಾನು ನೆಲದಲ್ಲಿದ್ದೆ. ಬೋಲ್ಟಿನ ತಲೆ ಕೈಗೆ ಬಂದಿತ್ತು, ಮುಂಡ ಒಳಗೇ ಉಳಿದಿತ್ತು.

ಇದರ ತಲೆ ಎರಡೂವರೆಗೆ ಹೋಯಿತು, ನನ್ನದು ನಾಲ್ಕಕ್ಕೆ! ತೂತಿನೊಳಗೆ ಉಳಿ ಇಟ್ಟು ಎಡಕ್ಕೆ ಬಡಿದೆ. ಬಡಿದಷ್ಟೂ ಅದು ಒಳಕ್ಕೇ ಹೋಗುತ್ತಿತ್ತು. ಬೀದಿಯಲ್ಲಿ ಯಾವ ಗಾಡಿ ಸದ್ದಾದರೂ ನಾನು ಬಾನೆಟ್ಟಿನ ಹಿಂದೆ ಕುಕ್ಕರಿಸುತ್ತಿದ್ದೆ.

"ಅಪ್ಪನಿಗೆ ಏನು ಹೇಳ್ತೀರಿ?"

"ನೀನೇ ಹೇಳು. ನಿನ್ನ ಅಪ್ಪ."

"ನನ್ನ ಅಪ್ಪ, ಆದ್ರೆ ನಿಮ್ಮ ಬೋಲ್ಟು," ಎಂದು ಅವಳೇ ಹೋಗಿ ಮೂಲೆಯ ವೆಲ್ಡಿಂಗ್ ಅಂಗಡಿಯವನನ್ನು ಕರೆತಂದಳು.

ಅವನು ಉಳಿದ ಮೂರು ಬೋಲ್ಟುಗಳನ್ನು ಬಲಕ್ಕೆ ತಿರುಗಿಸಿ ಬಿಚ್ಚಿದ. ಚಕ್ರ ತೆಗೆದು, ಮುರಿದ ತುಂಡಿನ ಮೇಲೆ ಒಂದು ನಟ್ಟು ಇಟ್ಟು ವೆಲ್ಡ್ ಮಾಡಿ, ಅದನ್ನೂ ಬಲಕ್ಕೆ ತಿರುಗಿಸಿದ. ತುಂಡು ಸಲೀಸಾಗಿ ಹೊರಬಂತು.

"ಹಳೇ ಗಾಡಿ ಸಾರ್. ಎಡಗಡೆ ಚಕ್ರಕ್ಕೆ ಉಲ್ಟಾ ಥ್ರೆಡ್ಡು, ಬಲಕ್ಕೆ ತಿರುಗಿಸಿದ್ರೇ ಬಿಚ್ಚೋದು. ಎಲ್ ಅಂತ ಅದಕ್ಕೇ ಹಾಕಿರ್ತಾರೆ. ನೀವು ಇಷ್ಟೊತ್ತು ಬಿಗಿ ಮಾಡಿದ್ದೀರಿ."

"ಹೊಸ ಬೋಲ್ಟು?"

"ಇದು ಎಲ್ಲೂ ಸಿಗಲ್ಲ," ಎಂದು ಸಾಮಾನು ಎತ್ತಿಕೊಂಡು ಹೋದ.

ಗೇಟು ಕಿರ್ ಎಂದಿತು. ಮಾವನವರು! ಅವರು ಬಿಚ್ಚಿದ ಚಕ್ರ ನೋಡಿದರು. ನನ್ನ ಕೈಯಲ್ಲಿದ್ದ ಬೋಲ್ಟಿನ ತಲೆ ನೋಡಿದರು.

"ಎಡಕ್ಕೆ ತಿರುಗಿಸಿದ್ರಾ?"

"ಹೂಂ, ಮಾವ."

"ಡ್ರೈವರ್ ಸೀಟಿನ ಕೆಳಗೆ ಒಂದು ಡಬ್ಬಿ ಇದೆ, ತನ್ನಿ."

ತಂದು ಮುಚ್ಚಳ ತೆಗೆದೆ. ಎಣ್ಣೆ ಸವರಿದ ಕಾಗದದಲ್ಲಿ ನಾಲ್ಕು ಹೊಚ್ಚಹೊಸ ಬೋಲ್ಟುಗಳು.

"ನಿಮಗೆ ಕೀ ಕೊಡೋದು ಅಂತ ತೀರ್ಮಾನ ಆದ ದಿನವೇ ಹೇಳಿ ಮಾಡಿಸಿದೆ," ಎಂದರು ಮಾವನವರು. ಒಂದನ್ನು ತೆಗೆದುಕೊಂಡು ಡಬ್ಬಿಯೊಳಗೆ ಇಣುಕಿದರು. ಮುಖದಲ್ಲಿ ನಿಜವಾದ ಮೆಚ್ಚುಗೆಯಿತ್ತು.

"ಪರವಾಗಿಲ್ಲ ಅಳಿಯಂದ್ರೇ. ಮೂರು ಉಳಿಸಿದ್ದೀರಿ."