ನೆಲಮಾಳಿಗೆಯಿಂದ ಒಂದು ಅರ್ಜಿ

ಎಲ್ಲ ರಾಮಾಯಣಕ್ಕೂ ಮೂಲ ಗೋಡೆಗೆ ಅಂಟಿಸಿದ್ದ ಒಂದು ಹಾಳೆ. ಕಪ್ಪು ಪರದೆಯ ಹಳೇ ಕಂಪ್ಯೂಟರಿನಿಂದ ಇ-ಮೇಲ್ ಕಳಿಸುವುದು ಹೇಗೆಂದು ಕಚೇರಿಯ ಮೆಕ್ಯಾನಿಕ್ಕು ನಿವೃತ್ತರಾಗುವ ಮುನ್ನ ಅದರಲ್ಲಿ ದುಂಡಗೆ ಬರೆದಿಟ್ಟಿದ್ದರು. ಹಾಳೆಯ ಕೆಳಗಿನ ಅರ್ಧವನ್ನು ಕಾವಲುಗಾರ ಯಾವುದೋ ಲಾರಿಯ ನಂಬರು ಗುರುತು ಹಾಕಿಕೊಳ್ಳಲು ಹರಿದುಕೊಂಡಿದ್ದ. ಹೀಗಾಗಿ ಪತ್ರ ಶುರುಮಾಡುವ ವಿಧಾನ ಗೋಡೆಯ ಮೇಲಿತ್ತು, ಮುಗಿಸುವ ವಿಧಾನ ಲಾರಿಯ ಹಿಂದೆ ಹೋಗಿತ್ತು.

ನೀರು ಸರಬರಾಜು ಕಚೇರಿಯ ನೆಲಮಾಳಿಗೆಯಲ್ಲಿ ಕೊಳವೆ ನಕ್ಷೆಗಳನ್ನು ಕಾಯುತ್ತಿದ್ದ ಗುಮಾಸ್ತನಿಗೆ ಅಂದು ಆ ಅರ್ಧ ಹಾಳೆಯೇ ಗತಿಯಾಯಿತು. ಮೂರನೇ ಮಹಡಿಯಲ್ಲಿ ದೊಡ್ಡ ಕಿಟಕಿಯ ಪಕ್ಕದ ಒಂದು ಜಾಗ ಖಾಲಿಯಾಗಿತ್ತು. ಬೇಕೆಂದವರು ಮಧ್ಯಾಹ್ನ ಎರಡರೊಳಗೆ ತಮ್ಮ ಕಚೇರಿ ವಿಳಾಸದಿಂದಲೇ ದೊಡ್ಡ ಸಾಹೇಬರಿಗೆ ಇ-ಮೇಲ್ ಕಳಿಸಬೇಕು ಎಂದು ಅಪ್ಪಣೆಯಾಗಿತ್ತು. ಒಂಬತ್ತು ವರ್ಷ ಟ್ಯೂಬ್‌ಲೈಟನ್ನೇ ಸೂರ್ಯ ಅಂದುಕೊಂಡು ದುಡಿದವನಿಗೆ ಆ ಕಿಟಕಿ ಬೇಕೇ ಬೇಕಿತ್ತು. ಸಂಜೆ ಮನೆಗೆ ಹೋದರೆ ಮಗಳು ಅವನ ಅಂಗಿ ಮೂಸಿ, "ಅಪ್ಪಾ, ಬೂಷ್ಟು ವಾಸನೆ" ಎಂದು ದೂರ ಓಡುತ್ತಿದ್ದಳು. ಅವಳು ನಗುತ್ತಲೇ ಓಡುತ್ತಿದ್ದಳು, ಆದರೂ ಅವನಿಗೆ ಸಂಕಟವಾಗುತ್ತಿತ್ತು.

ಅವನ ಹೊಸ ಕಂಪ್ಯೂಟರು ಅದೇ ಬೆಳಿಗ್ಗೆ ಕಣ್ಣು ಮುಚ್ಚಿತು. ಪಕ್ಕದ ಮೇಜಿನ ಟೈಪಿಸ್ಟ್ ಅಕ್ಕನ ಬಳಿ ಇದ್ದದ್ದು ಬರೀ ಟೈಪ್‌ರೈಟರು. ಉಳಿದದ್ದು ಮೂಲೆಯ ಕಪ್ಪು ಪರದೆ. ಅದಕ್ಕೆ ಮೌಸ್ ಇಲ್ಲ, ಚಿತ್ರ ಇಲ್ಲ, ಏನಿದ್ದರೂ ಅಕ್ಷರ ಕುಟ್ಟಿಯೇ ಹೇಳಬೇಕು. ಕನ್ನಡ ಅಕ್ಷರವೂ ಅದಕ್ಕೆ ಬಾರದು. ಗುಮಾಸ್ತ ಹಾಳೆಯಲ್ಲಿದ್ದಂತೆ ಆಜ್ಞೆ ಕೊಟ್ಟು, ಇಂಗ್ಲಿಷ್ ಅಕ್ಷರದಲ್ಲೇ ಕನ್ನಡದ ಅರ್ಜಿಯನ್ನು ಸೊಗಸಾಗಿ ಬರೆದು ಎಂಟರ್ ಒತ್ತಿದ. ಪರದೆಯ ಮೇಲಿನ ಚಿಕ್ಕ ಗೆರೆ ಮುಂದಿನ ಸಾಲಿಗೆ ಇಳಿದು, ಇನ್ನೇನು ಎಂಬಂತೆ ಕಣ್ಣು ಮಿಟುಕಿಸಿತು.

"ಕಳಿಸು" ಎಂದು ಬರೆದ. ಗೆರೆ ಇನ್ನೊಂದು ಸಾಲು ಇಳಿಯಿತು.

ಅಕ್ಕ ಟೈಪ್ ಮಾಡುವುದನ್ನು ನಿಲ್ಲಿಸಿ, ಕನ್ನಡಕ ಮೇಜಿನ ಮೇಲಿಟ್ಟು, ಕುರ್ಚಿ ಎಳೆದುಕೊಂಡು ಬಂದರು. "ಯಂತ್ರ ಆದ್ರೇನು ತಮ್ಮಾ, ಅದಕ್ಕೂ ಮರ್ಯಾದೆ ಬೇಡ್ವಾ? ದಯವಿಟ್ಟು ಅಂತ ಸೇರ್ಸು."

ಸೇರಿಸಿದ. ಪ್ರಯೋಜನವಾಗಲಿಲ್ಲ. ಅಷ್ಟರಲ್ಲಿ ಮೆಟ್ಟಿಲಿಳಿದು ಬಂದ ಕಾವಲುಗಾರ, ತಾನು ಇಪ್ಪತ್ತು ವರ್ಷದಿಂದ ಲಾರಿ ಓಡಿಸುವವರನ್ನು ಗೇಟಿನಿಂದ ಹೊರಡಿಸುತ್ತಿರುವುದಾಗಿಯೂ, ವಿನಯಕ್ಕೆ ಒಬ್ಬನೂ ಕದಲಿದ್ದಿಲ್ಲವೆಂದೂ ಹೇಳಿದ. ಗುಮಾಸ್ತ "ತೊಲಗು" ಎಂದು ಬರೆದ. "ಹೋಗ್ತೀಯೋ ಇಲ್ವೋ, ಕತ್ತೆ" ಎಂದೂ ಬರೆದ. ಬರೆದದ್ದನ್ನೆಲ್ಲ ಪರದೆ ತೂತು ಮಡಕೆಯ ಹಾಗೆ ಒಳಗೆಳೆದುಕೊಳ್ಳುತ್ತಿತ್ತು. ಇದ್ಯಾವುದೂ ಎಲ್ಲಿಗೂ ಹೋಗುವುದಿಲ್ಲ ಎಂದು ಖಾತ್ರಿಯಾದ ಮೇಲೆ ಅವನಿಗೆ ಧೈರ್ಯ ಬಂತು. "ನೀನೂ ದೊಡ್ಡ ಸಾಹೇಬರ ಹಾಗೇ. ಎಷ್ಟು ಹೇಳಿದರೂ ತಲೆಗೆ ಹೋಗುವುದಿಲ್ಲ" ಎಂದು ಬರೆದು, ಗಟ್ಟಿಯಾಗಿ ಓದಿಯೂ ಹೇಳಿದ. ಮೂವರೂ ಹೊಟ್ಟೆ ಹಿಡಿದುಕೊಂಡು ನಕ್ಕರು.

ನಗು ಮುಗಿದಾಗ ಒಂದೂ ಮುಕ್ಕಾಲು. ಅಕ್ಕ ಅವನ ಕಿವಿಯ ಪಕ್ಕದಲ್ಲೇ ಕೂತು, ತಮ್ಮ ಪ್ರಾಯದಲ್ಲಿ ದಿನಕ್ಕೆ ನಲವತ್ತು ಪತ್ರ ಹೊಡೆಯುತ್ತಿದ್ದ ಕತೆ ತೆಗೆದರು. ಹಿರಿಯರಿಗೆ ಸುಮ್ಮನಿರಿ ಎನ್ನಲು ಬಾಯಿ ಬರಲಿಲ್ಲ. ಬಾಯಲ್ಲಿ ಹೇಳಲಾಗದ್ದನ್ನು ಅವನು ಬೆರಳಲ್ಲಿ ಹೇಳಿದ: "ನನ್ನ ಅರ್ಜಿ ಹಾಳಾಗಿ ಹೋಗಲಿ. ಈ ಟೈಪಿಸ್ಟ್ ಅಕ್ಕನನ್ನಾದರೂ ಇಲ್ಲಿಂದ ಮೇಲಕ್ಕೆ ಕಳಿಸು, ಪುಣ್ಯ ಕಟ್ಟಿಕೋ." ಕನ್ನಡಕವಿಲ್ಲದ ಅಕ್ಕ ಇಪ್ಪತ್ತೆರಡನೇ ಪತ್ರಕ್ಕೆ ಬಂದಿದ್ದರು.

ಕಡೆಗೆ ಮೆಕ್ಯಾನಿಕ್ಕರ ಮನೆಗೆ ಫೋನ್ ಮಾಡಬಹುದೆಂದು ಹೊಳೆಯಿತು. ಊಟ ಮಾಡಿ ಮಲಗಿದ್ದ ಅವರು ಆಕಳಿಸುತ್ತ, ಹೊಸ ಸಾಲಿನಲ್ಲಿ ಬರೀ ಒಂದು ಚುಕ್ಕೆ ಇಟ್ಟು ಎಂಟರ್ ಒತ್ತಲು ಹೇಳಿದರು. ಒತ್ತಿದ. ಎರಡು ಗಂಟೆಗೆ ಎರಡು ನಿಮಿಷವಿರುವಾಗ ಪತ್ರ ಹೋಯಿತು. ಅವನು ಕುರ್ಚಿಗೆ ಒರಗಿ ಕಣ್ಣು ಮುಚ್ಚಿದ.

"ಮಧ್ಯೆ ಇನ್ನೇನೂ ಬರ್ದಿಲ್ಲ ತಾನೆ?" ಎಂದರು ಮೆಕ್ಯಾನಿಕ್ಕು. "ಚುಕ್ಕೆ ಇಡೋ ತನಕ ಬರ್ದಿದ್ದೆಲ್ಲಾ ಪತ್ರಾನೇ ಕಣಪ್ಪಾ."

ಗುಮಾಸ್ತ ಕುರ್ಚಿಯಿಂದ ಎದ್ದು ನಿಂತ. ವಾಪಸು ತರಿಸಬಹುದೇ ಎಂದು ಕೇಳಿದ. ಬಿಟ್ಟ ಬಾಣ ಅದು ಎಂದು ಅವರು ಫೋನಿಟ್ಟು ಮಲಗಿದರು. ಅವನು ಮೂರನೇ ಮಹಡಿಯ ಸಾಹೇಬರ ಕೋಣೆಯವರೆಗೂ ಓಡಿ ಹತ್ತಿದ. ಸಾಹೇಬರು ಈಗಷ್ಟೇ ಏನೋ ಓದಿ, ಉಪ ಸಾಹೇಬರನ್ನು ಒಳಗೆ ಕರೆಸಿ ಬಾಗಿಲು ಹಾಕಿಕೊಂಡಿದ್ದಾರೆ ಎಂದು ಜವಾನ ಪಿಸುಗುಟ್ಟಿದ. ಗುಮಾಸ್ತ ಒಂದೊಂದೇ ಮೆಟ್ಟಿಲು ಇಳಿಯುತ್ತ, ಕೆಲಸವೇ ಹೋದರೆ ಮನೆಯಲ್ಲಿ ಏನು ಹೇಳುವುದೆಂದು ಯೋಚಿಸಿದ. ಬೂಷ್ಟಿನ ವಾಸನೆಯಾದರೂ ತಪ್ಪುತ್ತದೆ ಎಂಬುದೊಂದೇ ಸಮಾಧಾನ.

ನಾಲ್ಕು ಗಂಟೆಗೆ ಕಪ್ಪು ಪರದೆಯ ಮೇಲೆ ಹೊಸ ಪತ್ರ ಬಂದಿದೆ ಎಂಬ ಸಾಲು ಮೂಡಿತು. ಅಷ್ಟು ಹೊತ್ತಿಗೆ ಅಕ್ಕನಿಗೆ ಮೇಲಿನಿಂದ ಕರೆ ಬಂದು ಅವರು ಹೋಗಿದ್ದರು. ಗುಮಾಸ್ತ ಪತ್ರದ ಸಂಖ್ಯೆ ಒತ್ತಿದ.

"ನಿಮ್ಮ ಅರ್ಜಿಯನ್ನು ಪೂರ್ತಿ ಓದಿದೆ. ಬೈಗುಳ ಯಂತ್ರಕ್ಕೆ ಸಲ್ಲಬೇಕಾದದ್ದು ಎಂದು ತಿಳಿಯಿತು. ನನ್ನ ತಲೆಯ ಬಗ್ಗೆ ನೀವು ಬರೆದದ್ದನ್ನು ನನ್ನ ಹೆಂಡತಿ ಮದುವೆಯಾದಾಗಿನಿಂದ ಹೇಳುತ್ತಿದ್ದಾಳೆ, ಆದ್ದರಿಂದ ಬೇಸರವಿಲ್ಲ."

ಗುಮಾಸ್ತನಿಗೆ ಹೋದ ಜೀವ ಬಂದಂತಾಯಿತು. ಕಿಟಕಿ ಕಣ್ಣ ಮುಂದೆ ಬಂದು ನಿಂತಿತು. ಮುಂದಕ್ಕೆ ಓದಿದ.

"ನನ್ನ ಮನಸ್ಸು ಮುಟ್ಟಿದ್ದು ಕೊನೆಯ ಸಾಲು. ತನ್ನ ಅರ್ಜಿ ಹಾಳಾದರೂ ಸರಿ, ಜೊತೆಯವರನ್ನು ಮೇಲಕ್ಕೆ ಕಳಿಸಿ ಎನ್ನುವವರು ಈ ಕಾಲದಲ್ಲಿ ಎಷ್ಟು ಜನ? ನೀವು ಕೋರಿದಂತೆಯೇ ಟೈಪಿಸ್ಟ್ ಅವರಿಗೆ ಆ ಜಾಗ ಕೊಟ್ಟಿದ್ದೇನೆ. ಹಳೇ ಯಂತ್ರದ ಭಾಷೆ ಬಲ್ಲವರು ಇನ್ನು ನೀವೊಬ್ಬರೇ. ನೆಲಮಾಳಿಗೆ ಕಾಯಂ ಆಗಿ ನಿಮ್ಮ ವಶದಲ್ಲೇ ಇರಲಿ."

ಸಂಜೆ ಅಕ್ಕನ ಮೇಜನ್ನು ಒಂದು ಕಡೆ ಕಾವಲುಗಾರ, ಇನ್ನೊಂದು ಕಡೆ ಗುಮಾಸ್ತ ಹಿಡಿದು ಮೂರನೇ ಮಹಡಿಗೆ ಹತ್ತಿಸಿದರು. ಕಿಟಕಿಯಿಂದ ಇಳಿಬಿಸಿಲು ಬೀಳುತ್ತಿತ್ತು. ಬೆವರು ಒರೆಸಿಕೊಳ್ಳುತ್ತಿದ್ದ ಅವನ ಬೆನ್ನು ತಟ್ಟಿ ಅಕ್ಕ ಬುದ್ಧಿ ಹೇಳಿದರು. "ನೋಡು ತಮ್ಮಾ, ನಾನು ಅರ್ಜೀನೇ ಹಾಕಿರ್ಲಿಲ್ಲ. ಯೋಗ್ಯತೆ ಒಂದಿದ್ರೆ ಜಾಗ ತಾನಾಗೇ ಹುಡುಕ್ಕೊಂಡು ಬರುತ್ತೆ."