ಶಿರಸ್ತೇದಾರರ ಮನೆಯ ಸಾರು

ನೀಲಮ್ಮ ಅಡುಗೆಮನೆಯ ಬಾಗಿಲಲ್ಲಿ ಕೂತು, ಮೊರದಲ್ಲಿದ್ದ ತೊಗರಿಬೇಳೆಯಿಂದ ಸದ್ದಿಲ್ಲದೆ ಕಲ್ಲು ಆರಿಸುತ್ತಿದ್ದಳು. ಒಂದು ಕಲ್ಲು ಯಾರ ಹಲ್ಲಿಗೆ ಸಿಕ್ಕಿದರೂ ಗೌರಿಹಬ್ಬಕ್ಕೆ ತವರಿಲ್ಲ. "ಊಟಕ್ಕೆ ಬರೋರು ಸಾರು ಮೆಚ್ಚಲಿ, ಮಂಡಕಳ್ಳಿಗೆ ಕಳಿಸ್ತೀನಿ" ಎಂದು ಮಾವ, ಪೆನ್ಷನ್ ಪಡೆದ ಶಿರಸ್ತೇದಾರ್ ಶಿವರುದ್ರಪ್ಪನವರು, ಮಾತು ಕೊಟ್ಟಿದ್ದರು.

ಕೃಷ್ಣಮೂರ್ತಿಪುರಂನ ಆ ಮನೆಯಲ್ಲಿ ಬೇಳೆ ಬೇಯಿಸುವುದು ಸೊಸೆ, ಉಪ್ಪು ಹಾಕುವುದು ಅತ್ತೆ. ಉಪ್ಪಿನ ಜಾಡಿ ಮುಟ್ಟುವ ಅಧಿಕಾರ ಇನ್ನೊಬ್ಬರಿಗಿಲ್ಲ. ಗಂಡಸರು ಉಣ್ಣುವ ಮೊದಲು ರುಚಿ ನೋಡುವುದಂತೂ ಮಹಾಪಾಪ. ಸಾರು ಕುದಿಯುವ ಹೊತ್ತಿಗೆ ಅತ್ತೆ ಶಿವನಂಜಮ್ಮ ಬೇಲಿಯ ಹತ್ತಿರ ನಿಂತು, ಪಕ್ಕದ ಮನೆ ಅಂತೋಣಮ್ಮನ ಮಗಳ ಮದುವೆ ಸುದ್ದಿಯಲ್ಲಿ ಮುಳುಗಿದ್ದರು.

"ಅತ್ತೆ, ಸಾರಿಗೆ ಉಪ್ಪು..."

"ಎಲ್ಲಾ ಹಾಕಿದೀನಿ ಹೋಗೇ. ನನಗೇ ಹೇಳ್ಕೊಡಕ್ಕೆ ಬಂದ್ಬುಟ್ಳು!"

ಮಧ್ಯಾಹ್ನ ಎಲೆ ಹಾಕಿದರು. ಎದುರುಮನೆ ಗುರುಸಿದ್ದಯ್ಯ ಮೇಷ್ಟ್ರು, ದೇವರಾಜ ಮೊಹಲ್ಲಾದ ಜವಳಿ ಅಂಗಡಿ ದೇವಯ್ಯ ಬಂದು ಕೂತರು. ಶಿವರುದ್ರಪ್ಪನವರಿಗೆ ಮೂರು ದಿನದಿಂದ ನೆಗಡಿ. ಮೂಗು ಭಾನುವಾರದ ಕಚೇರಿಯ ಹಾಗೆ ಮುಚ್ಚಿತ್ತು. ಅನ್ನಕ್ಕೆ ಸಾರು ಕಲಸಿ ಬಾಯಿಗಿಟ್ಟು, "ಅಮೃತ!" ಎಂದರು.

ಮೇಷ್ಟ್ರು ಒಂದು ತುತ್ತು ತಿಂದು, ಲೆಕ್ಕ ಮರೆತ ಹುಡುಗನಂತೆ ಸೂರು ನೋಡಿದರು. ದೇವಯ್ಯನ ಕಣ್ಣು ಎಲೆಯ ತುದಿಯಲ್ಲಿ ಬಡಿಸಿದ್ದ ಉಪ್ಪಿನ ಮೇಲೆ ಬಿತ್ತು. ಕೈಯೂ ಅತ್ತ ಹೊರಟು, ಶಿರಸ್ತೇದಾರರ ಮೀಸೆ ಕಂಡು, ಪಲ್ಯದ ಹತ್ತಿರವೇ ನಿಂತಿತು.

"ಬೇಳೆ ರುಚಿ ಬೇಳೆಗೇ ಇದೆ ಕಣ್ರೀ," ಅಂದರು ಮೇಷ್ಟ್ರು.

"ನಾಲಿಗೆಗೆ ಒಂಚೂರೂ ಭಾರ ಇಲ್ಲ ಬುಡಿ," ಅಂದ ದೇವಯ್ಯ.

ಎರಡನೆಯ ಸಲ ಬಡಿಸುವಷ್ಟರಲ್ಲಿ ಇಬ್ಬರಿಗೂ ನಿಜವಾಗಿಯೇ ರುಚಿ ಹತ್ತಿತ್ತು. ದೇವಯ್ಯ ತನ್ನ ಹೆಂಡತಿಯ ಸಾರನ್ನು ಬೈಯತೊಡಗಿದ.

"ಇಂಥ ಕೈನ ಮಂಡಕಳ್ಳಿಗೆ ಕಳಿಸಿ ನಾವೇನ್ ತಿನ್ನೋಣ?" ಅಂದರು ಶಿವರುದ್ರಪ್ಪ. "ಹಬ್ಬಕ್ಕೆ ಇನ್ನೂ ಹತ್ತು ಜನಾನ ಕರೀತೀನಿ. ಸೊಸೆ ಇಲ್ಲೇ ಇರ್ಲಿ."

ಬಡಿಸುತ್ತಿದ್ದ ನೀಲಮ್ಮ ಸೌಟನ್ನು ಪಾತ್ರೆಗೆ ಬಿಟ್ಟಳು. ಈ ಮನೆಗೆ ಬಂದ ಮೇಲೆ ಪಂಕ್ತಿಯ ಮುಂದೆ ಅವಳು ಬಾಯಿಬಿಟ್ಟದ್ದು ಅದೇ ಮೊದಲು. "ಮಾವಯ್ಯ, ಸಾರಿಗೆ ಉಪ್ಪೇ ಬಿದ್ದಿಲ್ಲ."

ಮೂವರ ಕೈಯೂ ಎಲೆಯ ಮೇಲೆ ನಿಂತಿತು. ಮೊದಲು ಚೇತರಿಸಿಕೊಂಡವರು ಮೇಷ್ಟ್ರು. "ವಿನಯ ನೋಡ್ರೀ! ಹೊಗಳಿದ್ರೆ ಮಗೂಗೆ ನಾಚಿಕೆ."

"ಉಪ್ಪು ಹಾಕಿದ್ದು ನಾನು!" ಬಾಗಿಲ ಮರೆಯಿಂದ ಶಿವನಂಜಮ್ಮ ಗುಡುಗಿದರು.

"ಅಲ್ಲಿಗೆ ಆಯ್ತಲ್ಲ," ಎಂದು ಶಿವರುದ್ರಪ್ಪ ಇನ್ನೊಂದು ಸೌಟು ಹಾಕಿಸಿಕೊಂಡರು.

ಗಂಡಸರು ಎದ್ದ ಮೇಲೆ ಅತ್ತೆ ಸೊಸೆ ಅಡುಗೆಮನೆಯಲ್ಲಿ ಊಟಕ್ಕೆ ಕೂತರು. ಶಿವನಂಜಮ್ಮ ಮೊದಲ ತುತ್ತು ನುಂಗಿ ಗೋಡೆ ನೋಡಿದರು. ಆಮೇಲೆ ಜಾಡಿ ಎಳೆದುಕೊಂಡು, ತಮ್ಮ ಎಲೆಗೆ ಎರಡು ಚಿಟಿಕೆ ಉದುರಿಸಿ, ಮುಚ್ಚಳ ಬಿಗಿದು ಬೆನ್ನ ಹಿಂದೆ ಇಟ್ಟರು.

"ಅತ್ತೆ, ನನಗೂ ಚೂರು ಉಪ್ಪು ಹಾಕಿ," ಅಂದಳು ನೀಲಮ್ಮ.

"ಎಲ್ಲಾ ಹಾಕಿದೀನಲ್ಲೇ," ಎಂದು ಶಿವನಂಜಮ್ಮ ಅನ್ನ ಕಲಸುತ್ತಲೇ ಇದ್ದರು.